ಯಾರ ಮೇಲೆ ಆಣೆ? ನಾಯಕನಿಷ್ಠೆಯ ಪ್ರತಿಜ್ಞೆಗಳು: ಚೆನ್ನೈಯಿಂದ ಒಂದು ನೋಟ

2014ರ ಸೆಪ್ಟೆಂಬರ್ 29ರಂದು ಚೆನ್ನೈಯ ರಾಜಭವನದಲ್ಲಿ ಓ. ಪನ್ನೀರ್‌ಸೆಲ್ವಂ ತಮಿಳುನಾಡಿನ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ವಚನ ಓದುವಾಗ ಅವರ ಕಣ್ಣಲ್ಲಿ ನೀರಿತ್ತು. ಅವರ ನಂತರ ಬಂದ ಮಂತ್ರಿಗಳಲ್ಲೂ ಹಲವರು ಬಿಕ್ಕಿದರು. ಎರಡು ದಿನಗಳ ಹಿಂದೆ ಬೆಂಗಳೂರಿನ ವಿಶೇಷ ನ್ಯಾಯಾಲಯ ಅಕ್ರಮ ಆಸ್ತಿ ಪ್ರಕರಣದಲ್ಲಿ, ಅಲ್ಲಿಯವರೆಗೆ ಮುಖ್ಯಮಂತ್ರಿಯಾಗಿದ್ದ ಜೆ. ಜಯಲಲಿತಾ ಅವರಿಗೆ ನಾಲ್ಕು ವರ್ಷಗಳ ಸಜೆ, 100 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಅವರು ಪರಪ್ಪನ ಅಗ್ರಹಾರದ ಜೈಲಿನಲ್ಲಿದ್ದರು. ಪ್ರಮಾಣ ಮುಗಿಸಿದ ಮಂತ್ರಿಗಳು ಬೆಂಗಳೂರಿಗೆ ಬಂದು ಜೈಲಿನ ಹೊರಗೆ ಕಾದದ್ದನ್ನು ಕನ್ನಡಿಗರು ಕಣ್ಣಾರೆ ನೋಡಿದರು.

ಮಂತ್ರಿಯಾಗುವವರು ಓದುವ ವಚನ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿದೆ. ಸಂವಿಧಾನಕ್ಕೆ ಶ್ರದ್ಧೆ ನಿಷ್ಠೆಗಳಿಂದ ಇರುತ್ತೇನೆ, ಭಯವಾಗಲಿ ಪಕ್ಷಪಾತವಾಗಲಿ ರಾಗವಾಗಲಿ ದ್ವೇಷವಾಗಲಿ ಇಲ್ಲದೆ ಎಲ್ಲ ಜನರಿಗೂ ನ್ಯಾಯ ಸಲ್ಲಿಸುತ್ತೇನೆ ಎಂಬುದು ಅದರ ತಿರುಳು. ಬಾಯಿ ಆ ಮಾತನ್ನು ಆಡುತ್ತಿದ್ದಾಗ ಮುಖ ಇನ್ನೊಂದು ನಿಷ್ಠೆಯನ್ನು ನುಡಿಯುತ್ತಿತ್ತು. ಆ ಎರಡನೆಯ ನಿಷ್ಠೆಯನ್ನು ಯಾವ ಕಾನೂನೂ ಕೇಳಿರಲಿಲ್ಲ, ಯಾವ ಕಾಗದದಲ್ಲೂ ಬರೆದಿರಲಿಲ್ಲ. ಆದರೂ ಅಲ್ಲಿದ್ದವರಿಗೆಲ್ಲ ಅದು ತಿಳಿದಿತ್ತು.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ತಮಿಳುನಾಡು ಸರ್ವಾಧಿಕಾರದ ನಾಡಲ್ಲ. ಅಲ್ಲಿ ಚುನಾವಣೆಗಳು ನಡೆದಿವೆ, ಅಧಿಕಾರದಲ್ಲಿದ್ದವರು ಸೋತಿದ್ದಾರೆ, ನ್ಯಾಯಾಲಯಗಳು ಮುಖ್ಯಮಂತ್ರಿಗಳನ್ನು ಇಳಿಸಿವೆ. 1996ರಲ್ಲಿ ಜಯಲಲಿತಾ ಅವರೇ ತಮ್ಮ ಕ್ಷೇತ್ರದಲ್ಲಿ ಸೋತಿದ್ದರು. ಹಾಗಿರುವುದರಿಂದಲೇ ಚೆನ್ನೈಯ ಉದಾಹರಣೆಗೆ ಬೆಲೆ. ಹಿಟ್ಲರನ ಜರ್ಮನಿಯಲ್ಲಿ ಕಾನೂನು ಹಿಡಿದೆಳೆದು ಕೊಡಿಸಿದ ಆಣೆಗೂ ಮತಪೆಟ್ಟಿಗೆಯ ನಾಡಿನಲ್ಲಿ ತಾನಾಗಿ ಬೆಳೆದ ನಿಷ್ಠೆಗೂ ಎಲ್ಲಿ ಸಂಬಂಧ, ಎಲ್ಲಿ ಅಂತರ ಎಂಬುದನ್ನು ಇಲ್ಲಿ ಅಳೆದು ನೋಡಬಹುದು.

ಕಾನೂನು ಬರೆದ ಆಣೆ

ಈ ಪ್ರಶ್ನೆಯನ್ನು ಎತ್ತಿದವರೆಲ್ಲ ಮೊದಲು ನೋಡುವುದು 1934ರ ಆಗಸ್ಟ್ 2ನ್ನು. ಅಂದು ಜರ್ಮನಿಯ ಅಧ್ಯಕ್ಷ ಹಿಂಡೆನ್‌ಬರ್ಗ್ ತೀರಿಕೊಂಡರು. ಅದೇ ದಿನ ಸೈನಿಕರನ್ನು ಸಾಲಾಗಿ ನಿಲ್ಲಿಸಿ ಹೊಸ ಪ್ರಮಾಣ ಮಾಡಿಸಲಾಯಿತು. ವೈಮಾರ್ ಗಣರಾಜ್ಯದಲ್ಲಿ ಸೈನಿಕ ಸಂವಿಧಾನಕ್ಕೆ ಬದ್ಧನಾಗಿದ್ದ. ಈಗ ದೇವರ ಸಾಕ್ಷಿಯಾಗಿ ಅಡಾಲ್ಫ್ ಹಿಟ್ಲರ್ ಎಂಬ ಹೆಸರಿನ ಮನುಷ್ಯನಿಗೆ ಷರತ್ತಿಲ್ಲದ ವಿಧೇಯತೆಯನ್ನು ಅವನು ಒಪ್ಪಿಸಬೇಕಾಯಿತು. ಅದೇ ತಿಂಗಳ 20ರಂದು ಬಂದ ಕಾನೂನು ಸರ್ಕಾರಿ ನೌಕರರನ್ನೂ ಇದೇ ಬಂಧನಕ್ಕೆ ತಂದಿತು.

ಈ ಕಥೆಯಲ್ಲಿ ಹೆಚ್ಚಾಗಿ ಮರೆತುಹೋಗುವ ಸಂಗತಿಯೊಂದಿದೆ. ಸೈನ್ಯದ ಪ್ರಮಾಣವನ್ನು ಬದಲಿಸುವಲ್ಲಿ ಮುಂದೆ ನಿಂತವರು ರಕ್ಷಣಾ ಮಂತ್ರಿ ಬ್ಲೊಂಬರ್ಗ್ ಮತ್ತು ಸೇನಾಧಿಕಾರಿ ರೈಖೆನೌ. ನಾಯಕನನ್ನು ಹೆಸರಿನಿಂದ ಕಟ್ಟಿಕೊಂಡರೆ ಅವನು ಸೈನ್ಯದ ಮಾತು ಕೇಳುತ್ತಾನೆ ಎಂಬ ಲೆಕ್ಕ ಅವರದು. ಲೆಕ್ಕ ತಪ್ಪಿತು. 1938ರ ಆರಂಭದಲ್ಲಿ ಬ್ಲೊಂಬರ್ಗ್ ಅವರನ್ನೇ ಪದವಿಯಿಂದ ಕಳಿಸಲಾಯಿತು. ಸರ್ವಾಧಿಕಾರಿ ಕೇಳುವ ಮುನ್ನವೇ ಕೆಳಗಿನವರು ನಿಷ್ಠೆಯನ್ನು ತಟ್ಟೆಯಲ್ಲಿಟ್ಟು ಕೊಡುವುದು ಈ ಇತಿಹಾಸದಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ನಿರಾಕರಿಸಿದವರೂ ಇದ್ದರು. ಬಾನ್ ವಿಶ್ವವಿದ್ಯಾಲಯದ ದೇವಶಾಸ್ತ್ರಜ್ಞ ಕಾರ್ಲ್ ಬಾರ್ಟ್ ಆಣೆಗೆ ಒಂದೇ ಒಂದು ಷರತ್ತು ಸೇರಿಸಲು ಕೇಳಿದರು: ಕ್ರೈಸ್ತನಾಗಿ ನನ್ನ ಹೊಣೆಗೆ ಒಪ್ಪುವಷ್ಟರ ಮಟ್ಟಿಗೆ ಮಾತ್ರ. ಆ ಷರತ್ತಿಗಾಗಿ ಅವರು ಹುದ್ದೆ ಕಳೆದುಕೊಂಡು ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಬೇಕಾಯಿತು. ಆಸ್ಟ್ರಿಯಾದ ರೈತ ಫ್ರಾನ್ಸ್ ಯೇಗರ್‌ಸ್ಟೆಟರ್ ಹಿಟ್ಲರನಿಗಾಗಿ ಆಯುಧ ಹಿಡಿಯುವುದಿಲ್ಲ ಎಂದು ನಿಂತರು. 1943ರ ಆಗಸ್ಟ್ 9ರಂದು ಅವರ ತಲೆ ಕಡಿಯಲಾಯಿತು. ಇಟಲಿಯಲ್ಲಿ 1931ರ ಆಗಸ್ಟ್‌ನ ಆಜ್ಞೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಿಂದ ರಾಜನಿಗೂ ಫ್ಯಾಸಿಸ್ಟ್ ಆಳ್ವಿಕೆಗೂ ನಿಷ್ಠೆಯ ಪ್ರಮಾಣ ಕೇಳಿತು. ಸುಮಾರು 1200 ಮಂದಿಯಲ್ಲಿ ಒಲ್ಲೆ ಎಂದವರು ಹನ್ನೆರಡರ ಆಸುಪಾಸು. ಅವರಲ್ಲಿ ಗಣಿತಜ್ಞ ವೀಟೊ ವೊಲ್ಟೆರಾ ಒಬ್ಬರು. ಫ್ಯಾಸಿಸಂನ ವಿರೋಧಿಯೇ ಆಗಿದ್ದ ತತ್ವಜ್ಞಾನಿ ಬೆನೆಡೆಟ್ಟೊ ಕ್ರೋಚೆ ತಮ್ಮ ಕೆಲವು ಗೆಳೆಯರಿಗೆ ಸಹಿ ಹಾಕುವಂತೆಯೇ ಸಲಹೆ ಕೊಟ್ಟರು. ಪಾಠದ ಕೋಣೆಗಳು ಪೂರ್ತಿಯಾಗಿ ಫ್ಯಾಸಿಸ್ಟರ ಕೈಗೆ ಹೋಗಬಾರದು ಎಂಬ ಕಾಳಜಿ ಅವರದು. ಸಹಿ ಹಾಕಿದವರನ್ನೆಲ್ಲ ಹೇಡಿಗಳೆಂದು ಬಗೆದರೆ ಆ ಕಾಲದ ಇಕ್ಕಟ್ಟು ನಮಗೆ ಅರ್ಥವಾಗುವುದಿಲ್ಲ.

ದುಷ್ಟರು ಮಾತ್ರ ಇಂಥ ಆಣೆ ಕೇಳುತ್ತಾರೆ ಎಂಬುದೂ ಸರಿಯಲ್ಲ. 1914ರಲ್ಲಿ ಟೋಕಿಯೊದಲ್ಲಿ ಸುನ್ ಯಾತ್-ಸೆನ್ ಚೀನಾದ ಕ್ರಾಂತಿಪಕ್ಷವನ್ನು ಹೊಸದಾಗಿ ಕಟ್ಟಿದಾಗ ಸದಸ್ಯರು ತಮಗೆ ವೈಯಕ್ತಿಕವಾಗಿ ವಿಧೇಯರಾಗಿರುವ ಪ್ರತಿಜ್ಞೆ ಮಾಡಿ ಬೆರಳೊತ್ತಬೇಕೆಂದರು. ವರ್ಷಗಟ್ಟಲೆ ಜತೆಗಿದ್ದ ಹುವಾಂಗ್ ಶಿಂಗ್ ಒಪ್ಪದೆ ದೂರವಾದರು. ರಾಜನನ್ನು ಇಳಿಸಲು ಹೊರಟ ಚಳವಳಿ ತನ್ನೊಳಗೇ ಒಬ್ಬ ರಾಜನನ್ನು ಕೂರಿಸಿಕೊಳ್ಳಬಾರದು ಎಂಬುದು ಆ ನಿರಾಕರಣೆಯ ಅರ್ಥ.

ನಮ್ಮ ಕಲ್ಲುಗಳ ಸಾಕ್ಷ್ಯ

ಒಡೆಯನಿಗೆ ಪ್ರಾಣ ಕೊಡುವುದು ನಮ್ಮ ನೆಲದ ಗುಣ, ಅದನ್ನು ಪಶ್ಚಿಮದ ಅಳತೆಯಲ್ಲಿ ನೋಡಬೇಡಿ ಎನ್ನುವವರಿದ್ದಾರೆ. ಆ ವಾದಕ್ಕೆ ಉತ್ತರ ಕೊಡಬೇಕಾದರೆ ನಮ್ಮ ಶಾಸನಗಳನ್ನೇ ತೆರೆಯಬೇಕು.

ತಿ. ನರಸೀಪುರ ಕಡೆಯ ದೊಡ್ಡಹುಂಡಿಯ ಕಲ್ಲಿನಲ್ಲಿ ಗಂಗ ದೊರೆ ನೀತಿಮಾರ್ಗ ಸಾವಿನ ಹಾಸಿಗೆಯಲ್ಲಿದ್ದಾನೆ. ಅವನ ಮನೆಯ ಸೇವಕ ಅಗರಯ್ಯ ಒಡೆಯನಿಗಾಗಿ ಕೀಳ್ಗುಂಟೆಯಾದ, ಎಂದರೆ ಅವನೊಡನೆ ತಾನೂ ಪ್ರಾಣ ಕೊಟ್ಟ, ಸಂಗತಿಯನ್ನು ಶಾಸನ ಹೇಳುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬ ಇನ್ನೂ ದೊಡ್ಡ ಸಾವಿನ ಕಥೆ. ಇಮ್ಮಡಿ ಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ, ಹೆಂಡತಿ ಸುಗ್ಗಲದೇವಿ ಮತ್ತು ಸಾವಿರ ಮಂದಿ ವೀರರೊಂದಿಗೆ ಪ್ರಾಣ ಬಿಟ್ಟ. ಕಂಬದ ಮೇಲೆ ತಮ್ಮ ಕತ್ತನ್ನು ತಾವೇ ಕೊಯ್ದುಕೊಳ್ಳುವ ಬಂಟರ ಶಿಲ್ಪಗಳಿವೆ. ಲೆಂಕರು, ಗರುಡರು, ವೇಳೆವಾಳಿಗಳು ಎಂದು ಕರೆಯಲಾದ ಈ ಜನರಿಗೆ ತಮಿಳು ನೆಲದಲ್ಲೂ ಬಳಗವಿತ್ತು. ಚೋಳರ ಶಾಸನಗಳಲ್ಲಿ ವೇಳೈಕ್ಕಾರ ಪಡೆಗಳು ಬರುತ್ತವೆ.

ಈ ಕಲ್ಲುಗಳ ಮುಂದೆ ನಿಂತರೆ ಗೌರವವೂ ಸಂಕಟವೂ ಒಟ್ಟಿಗೇ ಹುಟ್ಟುತ್ತವೆ. ಆದರೆ ಇವುಗಳನ್ನು ಇಂದಿನ ನಾಯಕಭಕ್ತಿಗೆ ಸಮರ್ಥನೆಯಾಗಿ ತರಲು ಬರುವುದಿಲ್ಲ. ಮೊದಲನೆಯದಾಗಿ, ಆ ಆಣೆ ಕೆಲವರದು. ನಾಡಿನ ಒಕ್ಕಲಿಗ, ಕುಂಬಾರ, ಸೆಟ್ಟಿ ಯಾರೂ ದೊರೆಯೊಡನೆ ಸಾಯಬೇಕಿರಲಿಲ್ಲ. ಎರಡನೆಯದಾಗಿ, ಅದರಲ್ಲಿ ಎರಡೂ ಕಡೆ ಹೊಣೆಯಿತ್ತು. ಅನ್ನ, ಭೂಮಿ, ಮಾನ ಕೊಟ್ಟ ಒಡೆಯನಿಗೆ ಬಂಟ ಪ್ರಾಣ ಕೊಡುತ್ತಿದ್ದ, ಬಂಟನ ಮನೆಯವರನ್ನು ಒಡೆಯನ ವಂಶ ನೋಡಿಕೊಳ್ಳಬೇಕಿತ್ತು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಬಂಟ ತಿಂದದ್ದು ಒಡೆಯನ ಅನ್ನ. ಇಂದಿನ ಮಂತ್ರಿಯ ಸಂಬಳ, ಕಾರು, ಬಂಗಲೆ ಜನರ ತೆರಿಗೆಯದು. ಋಣ ಜನರದ್ದಾಗಿರುವಾಗ ಅದನ್ನು ನಾಯಕನಿಗೆ ತೀರಿಸಿದರೆ ಹಳೆಯ ಲೆಂಕನ ಧರ್ಮದ ಪ್ರಕಾರವೂ ಅದು ತಪ್ಪು.

ರಾಜನಿಂದ ಸಂವಿಧಾನಕ್ಕೆ

ಮದ್ರಾಸಿನ ಆಧುನಿಕ ಶಾಸನಸಭೆಯೂ ವ್ಯಕ್ತಿನಿಷ್ಠೆಯ ಪ್ರಮಾಣದಿಂದಲೇ ಶುರುವಾಯಿತು. 1935ರ ಭಾರತ ಸರ್ಕಾರ ಕಾಯ್ದೆಯಡಿ ಗೆದ್ದ ಸದಸ್ಯರು ಚಕ್ರವರ್ತಿಗೂ ಅವನ ವಾರಸುದಾರರಿಗೂ ನಿಷ್ಠರಾಗಿರುತ್ತೇವೆ ಎಂದು ಹೇಳಬೇಕಿತ್ತು. ಆ ರಾಜನ ವಿರುದ್ಧ ಜೈಲು ಕಂಡ ಕಾಂಗ್ರೆಸ್ಸಿಗರು 1937ರಲ್ಲಿ ಈ ಮಾತನ್ನು ಹೇಗೆ ಆಡುವುದು ಎಂದು ಚರ್ಚಿಸಿದರು. ಮಾರ್ಚ್‌ನಲ್ಲಿ ದೆಹಲಿಯಲ್ಲಿ ಸೇರಿ ದೇಶಕ್ಕೆ ನಿಷ್ಠೆಯ ತಮ್ಮದೇ ಪ್ರತಿಜ್ಞೆ ತೆಗೆದುಕೊಂಡರು. ಜುಲೈ 14ರಂದು ರಾಜಾಜಿ ಮದ್ರಾಸಿನ ಪ್ರಧಾನಿಯಾದರು.

ಯುದ್ಧ ಈ ಬಿಕ್ಕಟ್ಟನ್ನು ರಕ್ತದ ಪ್ರಶ್ನೆಯನ್ನಾಗಿ ಮಾಡಿತು. ಬ್ರಿಟಿಷ್ ದೊರೆಗೆ ಪ್ರಮಾಣ ಮಾಡಿದ್ದ ಸೈನಿಕರು ಆಗ್ನೇಯ ಏಷ್ಯಾದಲ್ಲಿ ಆಜಾದ್ ಹಿಂದ್ ಫೌಜಿಗೆ ಸೇರಿದರು. ಮೊದಲ ಫೌಜಿನ ನಾಯಕ ಮೋಹನ್ ಸಿಂಗ್. ಸೈನಿಕರ ಪ್ರತಿಜ್ಞೆ ಅವರ ಹೆಸರಿಗೆ ಬಿಗಿದಿತ್ತು. 1942ರ ಡಿಸೆಂಬರ್‌ನಲ್ಲಿ ಜಪಾನೀಯರು ಅವರನ್ನು ಬಂಧಿಸಿದಾಗ ಆ ಸೈನ್ಯವೇ ವಿಸರ್ಜನೆಗೊಂಡಿತು. ಬರ್ಲಿನ್‌ನಲ್ಲಿ ಕಟ್ಟಿದ ಭಾರತೀಯ ಪಡೆಯ ಪ್ರಮಾಣದಲ್ಲಂತೂ ಹಿಟ್ಲರ್ ಮತ್ತು ಸುಭಾಷ್ ಚಂದ್ರ ಬೋಸ್ ಎರಡೂ ಹೆಸರುಗಳಿದ್ದವು. ಭಾರತದ ಬಿಡುಗಡೆಗಾಗಿ ಹೊರಟವರು ಜರ್ಮನಿಯ ಸರ್ವಾಧಿಕಾರಿಗೆ ವಿಧೇಯತೆ ಒಪ್ಪಿಸಬೇಕಾಗಿ ಬಂದ ಆ ಗಳಿಗೆ ಓದುವವರನ್ನು ಇಂದಿಗೂ ನೋಯಿಸುತ್ತದೆ. 1943ರ ಅಕ್ಟೋಬರ್ 21ರಂದು ಸಿಂಗಾಪುರದಲ್ಲಿ ಬೋಸ್ ತಾತ್ಕಾಲಿಕ ಸರ್ಕಾರವನ್ನು ಘೋಷಿಸಿದಾಗ ಪ್ರತಿಯೊಬ್ಬ ಭಾರತೀಯನ ನಿಷ್ಠೆಯನ್ನು ಕೋರಿದ್ದು ಆ ಸರ್ಕಾರದ ಹೆಸರಿನಲ್ಲಿ. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿದ್ದ ಡಾ. ಲಕ್ಷ್ಮಿ ಸ್ವಾಮಿನಾಥನ್ ಅದರಲ್ಲಿ ಮಂತ್ರಿಯೂ ಝಾನ್ಸಿ ರಾಣಿ ಪಡೆಯ ನಾಯಕಿಯೂ ಆಗಿದ್ದರು.

ಮುಂದೆ ಅವರನ್ನು ಮದುವೆಯಾದ ಪ್ರೇಮ್ ಕುಮಾರ್ ಸೆಹಗಲ್, ಶಾ ನವಾಜ್ ಖಾನ್ ಮತ್ತು ಗುರುಬಕ್ಷ್ ಸಿಂಗ್ ಧಿಲ್ಲೋನ್ ಅವರೊಂದಿಗೆ 1945ರ ನವೆಂಬರ್‌ನಲ್ಲಿ ಕೆಂಪುಕೋಟೆಯ ಸೇನಾ ನ್ಯಾಯಾಲಯದ ಮುಂದೆ ನಿಂತರು. ಅಲ್ಲಿ ವಕೀಲ ಭೂಲಾಭಾಯಿ ದೇಸಾಯಿ ವಾದಿಸಿದ್ದು ಇದೇ ಪ್ರಶ್ನೆಯನ್ನು. ರಾಜ ಮತ್ತು ದೇಶ ಬೇರೆಬೇರೆಯಾದಾಗ ಗುಲಾಮ ದೇಶದ ಮನುಷ್ಯನನ್ನು ರಾಜನಿಗೆ ಕೊಟ್ಟ ಮಾತಿನಿಂದ ಕಟ್ಟಿಹಾಕಲಾಗದು ಎಂದರು. ನ್ಯಾಯಾಲಯ ಮೂವರನ್ನೂ ತಪ್ಪಿತಸ್ಥರೆಂದಿತು; ಆದರೆ ಸೇನಾ ಮುಖ್ಯಸ್ಥ ಆಕಿನ್‌ಲೆಕ್ ಜೀವಾವಧಿ ಗಡೀಪಾರು ಶಿಕ್ಷೆಯನ್ನು ಕೈಬಿಟ್ಟರು.

1950ರ ಸಂವಿಧಾನ ಈ ಅನುಭವವನ್ನು ಒಳಗೆ ಇಟ್ಟುಕೊಂಡೇ ಬಂತು. ಅದರ ಯಾವ ಪ್ರಮಾಣದಲ್ಲೂ ಮನುಷ್ಯನ ಹೆಸರಿಲ್ಲ. ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಧರ್ಮದಲ್ಲಿ ಭಕ್ತಿ ಮೋಕ್ಷಕ್ಕೆ ದಾರಿಯಾಗಬಹುದು, ರಾಜಕೀಯದಲ್ಲಿ ಅದು ಸರ್ವಾಧಿಕಾರಕ್ಕೆ ದಾರಿ ಎಂಬ ಎಚ್ಚರಿಕೆ ಕೊಟ್ಟಿದ್ದರು.

ಪ್ರಮಾಣಗಳ ವಿಚಾರದಲ್ಲಿ ಭಾರತದ ಸಂವಿಧಾನವನ್ನು ತಿದ್ದಿಸಿದ ಊರೂ ಮದ್ರಾಸೇ. ಪ್ರತ್ಯೇಕ ದ್ರಾವಿಡನಾಡು ಬೇಕೆಂಬ ಡಿಎಂಕೆಯ ಬೇಡಿಕೆಗೆ ಉತ್ತರವಾಗಿ 1963ರಲ್ಲಿ ಹದಿನಾರನೆಯ ತಿದ್ದುಪಡಿ ಬಂತು. ಚುನಾವಣೆಗೆ ನಿಲ್ಲುವವರೇ ದೇಶದ ಸಾರ್ವಭೌಮತೆಯನ್ನೂ ಅಖಂಡತೆಯನ್ನೂ ಎತ್ತಿಹಿಡಿಯುತ್ತೇವೆ ಎಂದು ಪ್ರಮಾಣ ಮಾಡಬೇಕಾಯಿತು. ಸಿ.ಎನ್. ಅಣ್ಣಾದುರೈ ರಾಜ್ಯಸಭೆಯಲ್ಲಿ ಅದನ್ನು ವಿರೋಧಿಸಿದರು. ಅದೇ ವರ್ಷ ಅವರ ಪಕ್ಷ ಪ್ರತ್ಯೇಕತೆಯ ಬೇಡಿಕೆಯನ್ನು ಬಿಟ್ಟಿತು. ಭಿನ್ನಮತವನ್ನು ಪ್ರಮಾಣದ ಮೂಲಕ ತಡೆಯಬಹುದೇ ಎಂಬ ಚರ್ಚೆ ನ್ಯಾಯವಾದದ್ದೇ. ಆದರೂ ಆ ಪ್ರಮಾಣದಲ್ಲಿ ನೆಹರೂ ಹೆಸರಿರಲಿಲ್ಲ ಎಂಬುದನ್ನು ಗಮನಿಸಬೇಕು. ಆದ್ದರಿಂದಲೇ 1967ರಲ್ಲಿ ಕಾಂಗ್ರೆಸ್ಸನ್ನು ಸೋಲಿಸಿದ ಅಣ್ಣಾದುರೈ ಅದೇ ಪ್ರಮಾಣವನ್ನು ತಲೆಯೆತ್ತಿ ಓದಬಲ್ಲವರಾದರು.

ಖಾಲಿ ಕುರ್ಚಿ, ಹಚ್ಚೆ, ಸಮಾಧಿ

ಡಿಎಂಕೆ ಹುಟ್ಟಿದ್ದು 1949ರ ಸೆಪ್ಟೆಂಬರ್ 17ರಂದು, ರಾಯಪುರಂನ ರಾಬಿನ್‌ಸನ್ ಪಾರ್ಕಿನ ಸಭೆಯಲ್ಲಿ. ತಮ್ಮ ಹಿಂದಿನ ನಾಯಕ ಪೆರಿಯಾರ್ ಅವರ ಏಕವ್ಯಕ್ತಿ ನಿರ್ಧಾರಗಳನ್ನು ಒಪ್ಪದೆ ಹೊರಬಂದವರು ಹೊಸ ಪಕ್ಷದಲ್ಲಿ ಅಧ್ಯಕ್ಷ ಸ್ಥಾನವನ್ನು ಪೆರಿಯಾರ್ ಅವರಿಗೆಂದೇ ಖಾಲಿ ಬಿಟ್ಟರು. ಅಣ್ಣಾದುರೈ ಪ್ರಧಾನ ಕಾರ್ಯದರ್ಶಿಯಾಗಿ ಪಕ್ಷ ನಡೆಸಿದರು. ಆ ಕುರ್ಚಿ ತುಂಬಿದ್ದು 1969ರಲ್ಲಿ, ಅಣ್ಣಾ ತೀರಿಕೊಂಡ ಮೇಲೆ, ಎಂ. ಕರುಣಾನಿಧಿ ಅಧ್ಯಕ್ಷರಾದಾಗ. ಒಬ್ಬನ ಹಿಡಿತವನ್ನು ವಿರೋಧಿಸಿ ಹುಟ್ಟಿದ ಪಕ್ಷವೂ ಒಬ್ಬನ ಹೆಸರನ್ನು ಬಿಟ್ಟಿರಲಾರದಾಯಿತು. ಆದರೆ ಖಾಲಿ ಕುರ್ಚಿ ಯಾರ ಬಾಯಿಯನ್ನೂ ಕಟ್ಟಲಿಲ್ಲ. ಪೆರಿಯಾರ್ ಹೊರಗಿನಿಂದ ಟೀಕಿಸುತ್ತಿದ್ದರು, ಪಕ್ಷ ತನ್ನ ದಾರಿಯಲ್ಲಿ ನಡೆಯುತ್ತಿತ್ತು. ಗೌರವ ಮತ್ತು ವಿಧೇಯತೆ ಬೇರೆಬೇರೆಯಾಗಿ ಇರಬಲ್ಲವು ಎಂಬುದಕ್ಕೆ ಆ ಇಪ್ಪತ್ತು ವರ್ಷಗಳು ಸಾಕ್ಷಿ.

1975ರಿಂದ 1977ರವರೆಗಿನ ತುರ್ತುಪರಿಸ್ಥಿತಿಯಲ್ಲಿ ದೇಶವನ್ನೂ ಇಂದಿರಾ ಗಾಂಧಿಯವರನ್ನೂ ಒಂದೇ ಎಂದು ಕಾಂಗ್ರೆಸ್ ಅಧ್ಯಕ್ಷ ದೇವಕಾಂತ ಬರೂವಾ ಸಾರಿದರು. 1976ರ ಜನವರಿ 31ರಂದು ಡಿಎಂಕೆ ಸರ್ಕಾರ ವಜಾಗೊಂಡಿತು. ಮದ್ರಾಸ್ ಕೇಂದ್ರ ಕಾರಾಗೃಹದಲ್ಲಿ ಬಂದಿಗಳು ಏಟು ತಿಂದರು. ಮಾಜಿ ಮೇಯರ್ ಚಿಟ್ಟಿಬಾಬು ಮುಂದಿನ ಜನವರಿಯಲ್ಲಿ ತೀರಿಕೊಂಡರು. ಅದೇ ತಿಂಗಳು, 1977ರ ಜನವರಿ 20ರಂದು, ‘ಸಂಸ್ಕಾರ’ ಚಿತ್ರದ ನಟಿ, ಮದ್ರಾಸ್ ಪ್ಲೇಯರ್ಸ್ ನಾಟಕ ತಂಡ ಕಟ್ಟಿದವರಲ್ಲಿ ಒಬ್ಬರಾದ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಜೈಲುವಾಸದಲ್ಲಿ ಆರೋಗ್ಯ ಕಳೆದುಕೊಂಡು, ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ಸತ್ತರು. ನಾಯಕಿಯ ಹೆಸರಿನ ಆಣೆಯನ್ನು ಯಾವ ಕಾನೂನೂ ಕೇಳಿರಲಿಲ್ಲ. ನಿಷ್ಠೆ ತೋರದವರಿಗೆ ಏನಾಗುತ್ತದೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

1972ರ ಅಕ್ಟೋಬರ್‌ನಲ್ಲಿ ಎಂ.ಜಿ. ರಾಮಚಂದ್ರನ್ ಕಟ್ಟಿದ ಅಣ್ಣಾ ಡಿಎಂಕೆಯಲ್ಲಿ ನಿಷ್ಠೆಗೆ ಚರ್ಮದ ಮೇಲೆ ಗುರುತು ಬಂತು. ಪಕ್ಷದ ಧ್ವಜವನ್ನು ಮುಂಗೈ ಮೇಲೆ ಹಚ್ಚೆ ಹಾಕಿಸಿಕೊಳ್ಳುವಂತೆ ಎಂಜಿಆರ್ ಕರೆಕೊಟ್ಟರು. ಹಿರಿಯರಲ್ಲಿ ಕೆಲವರು ಇದನ್ನು ಒಪ್ಪಲಿಲ್ಲ. ಆ ಹಚ್ಚೆ ಪಕ್ಷದ್ದು. ನಾಲ್ಕು ದಶಕಗಳ ನಂತರ, 2016ರ ಫೆಬ್ರವರಿಯಲ್ಲಿ, ಜಯಲಲಿತಾ ಅವರ 68ನೆಯ ಹುಟ್ಟುಹಬ್ಬಕ್ಕೆ ಚೆನ್ನೈಯಲ್ಲಿ ನೂರಾರು ಮಂದಿಯ ಕೈಮೇಲೆ ಮೂಡಿದ್ದು ಅವರ ಮುಖ. ಧ್ವಜದಿಂದ ಮುಖಕ್ಕೆ ನಡೆದ ಈ ಪಯಣದಲ್ಲಿ ಆ ಪಕ್ಷದ ಚರಿತ್ರೆಯೇ ಅಡಗಿದೆ.

ಮೇಲುಕೋಟೆಯಲ್ಲಿ ಹುಟ್ಟಿ, ಕನ್ನಡ ಚಿತ್ರಗಳಲ್ಲೂ ನಟಿಸಿದ್ದ ಜಯಲಲಿತಾ ಗಂಡಸರೇ ತುಂಬಿದ್ದ ಪಕ್ಷವನ್ನು ಅವಮಾನಗಳ ನಡುವೆ ಗೆದ್ದವರು. ಅವರ ಆಡಳಿತ 1992ರಲ್ಲಿ ತೊಟ್ಟಿಲು ಮಕ್ಕಳ ಯೋಜನೆ ತಂದಿತು, ಮಹಿಳಾ ಪೊಲೀಸ್ ಠಾಣೆ ತೆರೆಯಿತು. 2013ರಲ್ಲಿ ಚೆನ್ನೈಯಲ್ಲಿ ಅಮ್ಮ ಕ್ಯಾಂಟೀನುಗಳು ಬಂದವು. ಒಂದು ರೂಪಾಯಿಗೆ ಇಡ್ಲಿ ತಿಂದ ಕೂಲಿಯ ಹೆಣ್ಣುಮಗಳ ಕೃತಜ್ಞತೆ ಪ್ರಾಮಾಣಿಕವಾದದ್ದು. ಅದನ್ನು ಅಜ್ಞಾನವೆಂದು ತಳ್ಳಿಹಾಕುವ ಪಟ್ಟಣದ ಮಾತು ನನಗೆ ಸರಿಕಾಣುವುದಿಲ್ಲ. ಆದರೆ ಮತದಾರಳ ಕೃತಜ್ಞತೆ ಮತ್ತು ಮಂತ್ರಿಯ ವಿಧೇಯತೆ ಬೇರೆಬೇರೆ. ಆಕೆ ಮುಂದಿನ ಚುನಾವಣೆಯಲ್ಲಿ ಮನಸ್ಸು ಬದಲಿಸಬಹುದು, ಬದಲಿಸಿಯೂ ಇದ್ದಾಳೆ. ಮಂತ್ರಿಗೆ ಆ ಸ್ವಾತಂತ್ರ್ಯ ಉಳಿದಿರಲಿಲ್ಲ.

2015ರ ಮೇ 11ರಂದು ಕರ್ನಾಟಕ ಹೈಕೋರ್ಟು ಜಯಲಲಿತಾ ಅವರನ್ನು ದೋಷಮುಕ್ತಗೊಳಿಸಿತು. ಮೇ 23ರಂದು ಮದ್ರಾಸ್ ವಿಶ್ವವಿದ್ಯಾಲಯದ ಶತಮಾನೋತ್ಸವ ಸಭಾಂಗಣದಲ್ಲಿ ಅವರು ಮತ್ತೆ ಮುಖ್ಯಮಂತ್ರಿಯಾದರು. 28 ಮಂತ್ರಿಗಳು ಹದಿನಾಲ್ಕು ಹದಿನಾಲ್ಕರ ಎರಡು ಗುಂಪಾಗಿ ನಿಂತು ಒಟ್ಟಾಗಿ ಪ್ರಮಾಣವಚನ ಓದಿದರು. ಒಬ್ಬೊಬ್ಬ ಮನುಷ್ಯನ ಆತ್ಮಸಾಕ್ಷಿಯನ್ನು ಹೆಸರು ಹಿಡಿದು ಕರೆಯಬೇಕಾದ ವಚನ ಶಾಲೆಯ ಸಾಮೂಹಿಕ ಪಠಣದಂತಾಯಿತು. ವೈಯಕ್ತಿಕವಾಗಿ ಉಳಿದದ್ದು ನಾಯಕಿಯ ಮುಂದೆ ಬಾಗಿದ ನಮಸ್ಕಾರ ಮಾತ್ರ.

ಜಯಲಲಿತಾ 2016ರ ಡಿಸೆಂಬರ್ 5ರಂದು ತೀರಿಕೊಂಡರು. ಅದೇ ಇರುಳು, ಮಧ್ಯರಾತ್ರಿ ಕಳೆದ ಮೇಲೆ, ಪನ್ನೀರ್‌ಸೆಲ್ವಂ ಮತ್ತೆ ಮುಖ್ಯಮಂತ್ರಿಯಾದರು. ತಿಂಗಳು ಮುಗಿಯುವಷ್ಟರಲ್ಲಿ ಪಕ್ಷ ಜಯಲಲಿತಾ ಅವರ ಆಪ್ತೆ ವಿ.ಕೆ. ಶಶಿಕಲಾ ಅವರನ್ನು ಪ್ರಧಾನ ಕಾರ್ಯದರ್ಶಿಯಾಗಿ ಒಪ್ಪಿತು. ಮರುವರ್ಷದ ಫೆಬ್ರವರಿ 7ರ ರಾತ್ರಿ ಪನ್ನೀರ್‌ಸೆಲ್ವಂ ಮರೀನಾದ ಸಮಾಧಿಯೆದುರು ಕಣ್ಣುಮುಚ್ಚಿ ಕುಳಿತು, ಎದ್ದುಬಂದು ಶಶಿಕಲಾ ವಿರುದ್ಧ ದನಿಯೆತ್ತಿದರು. ಶಶಿಕಲಾ ಬಣದ ಶಾಸಕರು ಕೂವತ್ತೂರಿನ ರೆಸಾರ್ಟಿನಲ್ಲಿದ್ದರು. ಫೆಬ್ರವರಿ 14ರಂದು ಸುಪ್ರೀಂ ಕೋರ್ಟು, ಅದೇ ಅಕ್ರಮ ಆಸ್ತಿ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯ ಶಶಿಕಲಾ ಅವರಿಗೂ ವಿಧಿಸಿದ್ದ ಶಿಕ್ಷೆಯನ್ನು ಎತ್ತಿಹಿಡಿಯಿತು. ಮರುದಿನ ಅವರು ಬೆಂಗಳೂರಿನ ಜೈಲಿಗೆ ಹೊರಡುವ ಮುನ್ನ ಅದೇ ಸಮಾಧಿಯ ಮೇಲೆ ಮೂರು ಸಲ ಕೈ ಅಪ್ಪಳಿಸಿ ಶಪಥ ಮಾಡಿದರು. ಫೆಬ್ರವರಿ 18ರಂದು ಹೊಸ ಮುಖ್ಯಮಂತ್ರಿ ಎಡಪ್ಪಾಡಿ ಪಳನಿಸ್ವಾಮಿ 122–11ರಲ್ಲಿ ವಿಶ್ವಾಸಮತ ಗೆದ್ದರು. ಪನ್ನೀರ್‌ಸೆಲ್ವಂ ಮತ್ತು ಪಳನಿಸ್ವಾಮಿ ಬಣಗಳು ಒಂದಾದ ಮೇಲೆ, ಸೆಪ್ಟೆಂಬರ್ 12ರಂದು ಪಕ್ಷದ ಮಹಾಸಭೆ ಶಶಿಕಲಾ ನೇಮಕವನ್ನು ರದ್ದುಮಾಡಿ, ಜಯಲಲಿತಾ ಅವರೇ ಶಾಶ್ವತ ಪ್ರಧಾನ ಕಾರ್ಯದರ್ಶಿ ಎಂದು ಸಾರಿತು. 2022ರ ಜುಲೈನಲ್ಲಿ ಅದೇ ಪಕ್ಷ ಪನ್ನೀರ್‌ಸೆಲ್ವಂ ಅವರನ್ನು ಹೊರಹಾಕಿತು. 2023ರಲ್ಲಿ ಪಳನಿಸ್ವಾಮಿ ಪ್ರಧಾನ ಕಾರ್ಯದರ್ಶಿಯಾದರು.

ಈ ವರ್ಷಗಳುದ್ದಕ್ಕೂ ಡಿಸೆಂಬರ್ ತಿಂಗಳಲ್ಲಿ ಮರೀನಾದ ಸಮಾಧಿಗಳ ಬಳಿ ಕಾರ್ಯಕರ್ತರು ಪ್ರತಿಜ್ಞೆ ತೆಗೆದುಕೊಳ್ಳುತ್ತಲೇ ಬಂದರು. ಒಂದೇ ಹೆಸರಿನ ಮೇಲೆ ಆಣೆಯಿಟ್ಟವರು ಒಬ್ಬರನ್ನೊಬ್ಬರು ದ್ರೋಹಿಗಳೆಂದು ಕರೆದರು. ತೀರ್ಪು ಕೊಡಬಲ್ಲ ಏಕೈಕ ವ್ಯಕ್ತಿ ಸಮಾಧಿಯೊಳಗಿದ್ದರು. ಸಂವಿಧಾನಕ್ಕೆ ಕೊಟ್ಟ ಮಾತನ್ನು ಓದಬಹುದು, ಅದರ ಬಗ್ಗೆ ವಾದಿಸಬಹುದು, ನ್ಯಾಯಾಲಯಕ್ಕೆ ಹೋಗಬಹುದು. ಸತ್ತವರಿಗೆ ಕೊಟ್ಟ ಮಾತನ್ನು ಯಾರು ಬೇಕಾದರೂ ತಮ್ಮದೆನ್ನಬಹುದು.

ಹುಲಿಗಳ ಪ್ರತಿಜ್ಞೆ

ಚೆನ್ನೈ ಇನ್ನೂ ಕಠೋರವಾದ ಆಣೆಯೊಂದನ್ನು ಹತ್ತಿರದಿಂದ ಕಂಡಿದೆ. ಶ್ರೀಲಂಕಾದ ತಮಿಳು ಹುಲಿಗಳ ಸಂಘಟನೆಯಾದ ಎಲ್‌ಟಿಟಿಇ ಸೇರಿದವರು ಈಳದ ಗುರಿಯ ಜತೆಗೆ ನಾಯಕ ವೇಲುಪಿಳ್ಳೈ ಪ್ರಭಾಕರನ್ ಅವರಿಗೂ ನಿಷ್ಠೆಯ ಪ್ರತಿಜ್ಞೆ ಮಾಡಬೇಕಿತ್ತು. ಕತ್ತಿನಲ್ಲಿ ಸಯನೈಡ್ ಗುಳಿಗೆ ತೂಗುತ್ತಿತ್ತು. 1982ರ ಮೇ 19ರಂದು ಪಾಂಡಿ ಬಜಾರಿನಲ್ಲಿ ಪ್ರಭಾಕರನ್ ಮತ್ತು ಅವರ ಹಳೆಯ ಸಂಗಾತಿ ಉಮಾ ಮಹೇಶ್ವರನ್ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದರು. ಸಂಘಟನೆಯಲ್ಲಿ ಭಿನ್ನಮತಕ್ಕೆ ಜಾಗವಿಲ್ಲ ಎಂಬುದು ಅಂದೇ ನಗರಕ್ಕೆ ಗೊತ್ತಾಗಿತ್ತು. ಉಪನಾಯಕ ಮಹಾತ್ತಯನನ್ನು ದ್ರೋಹದ ಆರೋಪದ ಮೇಲೆ ಸಂಘಟನೆಯೇ 1994ರಲ್ಲಿ ಕೊಂದಿತು.

1991ರ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಎಲ್‌ಟಿಟಿಇಯ ಆ ಸಂಚಿನಲ್ಲಿದ್ದ ಶಿವರಸನ್ ಮತ್ತು ಸಂಗಡಿಗರು ಆಗಸ್ಟ್ 20ರಂದು ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ, ಪೊಲೀಸರು ಒಳನುಗ್ಗುವ ಹೊತ್ತಿಗೆ ಪ್ರಾಣ ಬಿಟ್ಟಿದ್ದರು. ಹಳೇಬೀಡಿನ ಕಂಬದ ಗರುಡರಿಗೂ ಇವರಿಗೂ ಹೋಲಿಕೆ ಕಾಣುವವರಿದ್ದಾರೆ. ಆದರೆ ಗರುಡನ ಕತ್ತಿ ತನ್ನ ಕೊರಳಿಗೆ ಮಾತ್ರ ಹೋಯಿತು. ಶ್ರೀಪೆರುಂಬುದೂರಿನಲ್ಲಿ ಆ ಸಂಚಿಗೆ ಬಲಿಯಾದವರಲ್ಲಿ ಚುನಾವಣಾ ಸಭೆಗೆ ಬಂದ ಸಾಮಾನ್ಯರೂ ಇದ್ದರು. 2009ರ ಮೇ ತಿಂಗಳಲ್ಲಿ ಪ್ರಭಾಕರನ್ ಸತ್ತಾಗ ಸಂಘಟನೆಯೂ ಮುಗಿಯಿತು. ತಮಿಳರ ಸಂಕಟ ಮುಗಿಯಲಿಲ್ಲ. ಅದನ್ನು ಮುಂದಕ್ಕೆ ಹೊರಬಲ್ಲ ಬೇರೆ ದನಿಗಳನ್ನು ಆ ಒಂದು ಹೆಸರಿನ ನಿಷ್ಠೆ ಮೊದಲೇ ಅಡಗಿಸಿತ್ತು.

ಆಣೆ ಕಟ್ಟುವುದು ಯಾರನ್ನು?

ಇಷ್ಟನ್ನೂ ಒಟ್ಟಿಗೆ ನೋಡಿದಾಗ ನನಗೆ ದೃಢವಾಗಿ ಕಾಣುವುದು ಒಂದು ಸತ್ಯ. ವ್ಯಕ್ತಿಗೆ ಕೊಟ್ಟ ಆಣೆ ಕಟ್ಟಿಹಾಕುವುದು ಆತ್ಮಸಾಕ್ಷಿ ಉಳ್ಳವರನ್ನು. ಅದಿಲ್ಲದವರನ್ನು ಅದು ಮುಟ್ಟುವುದೇ ಇಲ್ಲ. ಯುದ್ಧದ ಕೊನೆಯ ವರ್ಷಗಳಲ್ಲಿ ಹಿಟ್ಲರನ ವಿರುದ್ಧ ಸಂಚು ಹೂಡಿದವರು ಸಂಪರ್ಕಿಸಿದ ಅಧಿಕಾರಿಗಳಲ್ಲಿ ಎಷ್ಟೋ ಮಂದಿ, ಪ್ರಮಾಣ ಮಾಡಿದ್ದೇವೆ, ಮುರಿಯಲಾರೆವು ಎಂದರು. ಮಾತು ತಪ್ಪಬಾರದೆಂಬ ಸದ್ಗುಣವೇ ಕೊಲೆಗಾರನ ಕಾವಲಿಗೆ ನಿಂತಿತು. 1944ರ ಜುಲೈ 20ರಂದು ಬಾಂಬ್ ಇಟ್ಟ ಸ್ಟೌಫೆನ್‌ಬರ್ಗ್ ಆ ಕಟ್ಟನ್ನು ದಾಟಬೇಕಾಯಿತು. ಲಾಭಕ್ಕಾಗಿ ನಿಷ್ಠೆ ತೋರಿದವರಿಗೆ ಇಂಥ ತೊಳಲಾಟವಿರಲಿಲ್ಲ. ಗಾಳಿ ಬದಲಾದಾಗ ಅವರು ಬದಲಾದರು.

ಆದ್ದರಿಂದ ನಾಯಕನ ದೃಷ್ಟಿಯಿಂದಲೂ ಇದು ಕೆಟ್ಟ ವ್ಯಾಪಾರ. ಸುತ್ತಲೂ ಅಳುವವರೇ ತುಂಬಿದಾಗ ತಪ್ಪನ್ನು ತಪ್ಪೆನ್ನುವವರು ಇರುವುದಿಲ್ಲ. ಜನರ ದೃಷ್ಟಿಯಿಂದ ನಷ್ಟ ಇನ್ನೂ ದೊಡ್ಡದು. ತಪ್ಪು ಆದೇಶ ಬಂದಾಗ ಅಧಿಕಾರಿಗೂ ಮಂತ್ರಿಗೂ ಮರ್ಯಾದೆಯ ನೆಪವೊಂದು ಸಿಗುತ್ತದೆ. ಮಾಡಿದ ಅನ್ಯಾಯಕ್ಕಿಂತ ಮುರಿದ ನಿಷ್ಠೆಯೇ ದೊಡ್ಡ ಪಾಪವೆಂದು ಕಾಣತೊಡಗುತ್ತದೆ.

ನಮ್ಮಲ್ಲಿ ಕಾನೂನೂ ಇದಕ್ಕೆ ಕೈಜೋಡಿಸಿದೆ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಹಣಕ್ಕಾಗಿ ಪಕ್ಷ ಬದಲಿಸುವವರನ್ನು ತಡೆಯಲು ಬಂತು. ಆದರೆ ಅದು ವಿಪ್‌ನ ಬಲವನ್ನು ಎಲ್ಲ ಮತದಾನಕ್ಕೂ ಹರಡಿ, ಶಾಸಕನ ಸ್ಥಾನವನ್ನು ಪಕ್ಷದ ಯಜಮಾನನ ಕೈಗೆ ಕೊಟ್ಟಿತು. 2017ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡಿನ ಸ್ಪೀಕರ್, ಮುಖ್ಯಮಂತ್ರಿಯ ಮೇಲೆ ವಿಶ್ವಾಸವಿಲ್ಲವೆಂದು ರಾಜ್ಯಪಾಲರಿಗೆ ಪತ್ರ ಕೊಟ್ಟ 18 ಶಾಸಕರನ್ನು ಅನರ್ಹಗೊಳಿಸಿದರು. ಫೆಬ್ರವರಿಯಲ್ಲಿ ಸದನದಲ್ಲೇ ಸರ್ಕಾರದ ವಿರುದ್ಧ ಮತ ಹಾಕಿದ್ದ 11 ಮಂದಿ, ಬಣಗಳು ಒಂದಾದ ಮೇಲೆ, ಸ್ಥಾನ ಉಳಿಸಿಕೊಂಡರು. 18 ಮಂದಿಯ ಅನರ್ಹತೆಯನ್ನು ಮದ್ರಾಸ್ ಹೈಕೋರ್ಟು 2018ರ ಅಕ್ಟೋಬರ್‌ನಲ್ಲಿ ಎತ್ತಿಹಿಡಿಯಿತು. ರೆಸಾರ್ಟ್ ರಾಜಕೀಯವನ್ನು ಕಂಡ ಕರ್ನಾಟಕಕ್ಕೂ ಈ ಕಥೆ ಹೊಸದಲ್ಲ. ನಮ್ಮಲ್ಲಿ ಮಂತ್ರಿಯಾದವರು ಮತದಾರರಿಗಿಂತ ಮೊದಲು ಹೈಕಮಾಂಡಿಗೆ ಕೃತಜ್ಞತೆ ಹೇಳುವುದು ಯಾರಿಗೂ ವಿಚಿತ್ರವೆನಿಸದಷ್ಟು ರೂಢಿಯಾಗಿದೆ.

ಮಾಡಬೇಕಾದದ್ದು

ವ್ಯಕ್ತಿನಿಷ್ಠೆಯನ್ನು ಇನ್ನೊಂದು ಪ್ರತಿಜ್ಞೆಯಿಂದ ಓಡಿಸಲಾಗದು. ಅದು ಬೆಳೆಯುವ ಏರ್ಪಾಡುಗಳನ್ನು ತಿದ್ದಬೇಕು. ಮೊದಲನೆಯದು ಅತಿ ಸುಲಭ: ಪ್ರತಿಯೊಬ್ಬ ಮಂತ್ರಿಯೂ ಒಬ್ಬನೇ ನಿಂತು, ತನ್ನ ಹೆಸರು ಹೇಳಿ ಪ್ರಮಾಣ ಮಾಡಬೇಕು. ಗುಂಪು ಪ್ರಮಾಣವನ್ನು ಯಾವ ರಾಜ್ಯಪಾಲರೂ ಒಪ್ಪಬಾರದು. ಎರಡನೆಯದಾಗಿ, ವಿಪ್‌ನ ಬಲ ಸರ್ಕಾರದ ಅಳಿವು ಉಳಿವಿನ ಮತದಾನಕ್ಕೆ ಸೀಮಿತವಾಗಬೇಕು. 1990ರಲ್ಲೇ ದಿನೇಶ್ ಗೋಸ್ವಾಮಿ ಸಮಿತಿ ಈ ದಿಕ್ಕಿನಲ್ಲಿ ಶಿಫಾರಸು ಮಾಡಿತ್ತು. ಅನರ್ಹತೆಯ ತೀರ್ಮಾನ ಸ್ಪೀಕರ್ ಕೈಯಿಂದ ಸ್ವತಂತ್ರ ನ್ಯಾಯಮಂಡಳಿಗೆ ಹೋಗಲಿ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸಂಸತ್ತಿಗೆ ಸೂಚಿಸಿದ್ದನ್ನೂ ಕೈಗೆತ್ತಿಕೊಳ್ಳಬೇಕು. ಮೂರನೆಯದಾಗಿ, ಪಕ್ಷಗಳೊಳಗೆ ರಹಸ್ಯ ಮತದಾನದ ನಿಜವಾದ ಚುನಾವಣೆ ನಡೆಯಬೇಕು. ಅವಿರೋಧ ಆಯ್ಕೆ ಎಂಬುದು ನಮ್ಮ ಪಕ್ಷಗಳಲ್ಲಿ ಹೆಮ್ಮೆಯ ಮಾತಾಗಿದೆ. ಅದು ಆತಂಕದ ಮಾತಾಗಬೇಕು.

ನಾಲ್ಕನೆಯದು ಮತದಾರರಾದ ನಮ್ಮ ಪಾಲಿನದು. ಅಭ್ಯರ್ಥಿ ತನ್ನ ನಾಯಕನನ್ನು ಎಷ್ಟು ಪ್ರೀತಿಸುತ್ತಾನೆ ಎಂದು ಚುನಾವಣೆಯ ವೇದಿಕೆಗಳಲ್ಲಿ ನಾವು ಕೇಳುತ್ತಲೇ ಬಂದಿದ್ದೇವೆ. ಇನ್ನು ಮುಂದೆ ಅವನನ್ನು ನೇರವಾಗಿ ಕೇಳಬೇಕಾದದ್ದು ಬೇರೆ: ನಿನ್ನ ನಾಯಕ ಏನು ಹೇಳಿದರೆ ನೀನು ಆಗದು ಎನ್ನುತ್ತೀಯ? ಕಾರ್ಲ್ ಬಾರ್ಟ್ ಕೇಳಿದ್ದು ಅಷ್ಟನ್ನೇ, ಒಂದು ಷರತ್ತಿನ ಜಾಗವನ್ನು. ಆ ಜಾಗ ಇರುವ ನಿಷ್ಠೆ ಪ್ರಜಾಪ್ರಭುತ್ವಕ್ಕೆ ಶಕ್ತಿ ಕೊಡುತ್ತದೆ; ಆ ಜಾಗ ಮುಚ್ಚಿಹೋದಲ್ಲಿ ಚುನಾವಣೆ ನಡೆಯುತ್ತಿದ್ದರೂ ಸರ್ವಾಧಿಕಾರದ ಮನಸ್ಸು ಬೇರು ಬಿಟ್ಟಿರುತ್ತದೆ. ಈ ಪ್ರಶ್ನೆಗೆ ಉತ್ತರ ಕೊಡಲಾರದವನು ಎಷ್ಟೇ ಒಳ್ಳೆಯವನಾಗಿರಲಿ, ಯಾವ ಪಕ್ಷದವನೇ ಆಗಿರಲಿ, ಅವನಿಗೆ ನಮ್ಮ ಮತ ಸಲ್ಲಬಾರದು.